ಮತದಾನದ ಮುನ್ನಾದಿನ ಮೊಕದ್ದಮೆ: ಮತದಾರ ಏನನ್ನು ನಂಬಬೇಕು?

ಬೆಂಗಳೂರು: 2024ರ ಏಪ್ರಿಲ್ 26ರಂದು ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರದ ಮತದಾರರು ಮತಗಟ್ಟೆಗಳತ್ತ ಹೊರಟಿದ್ದ ಹೊತ್ತಿನಲ್ಲಿ ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಕಚೇರಿ ಪುಟ್ಟದೊಂದು ಪ್ರಕಟಣೆ ಹೊರಡಿಸಿತು. ಕ್ಷೇತ್ರದ ಹಾಲಿ ಸಂಸದರೂ ಬಿಜೆಪಿ ಅಭ್ಯರ್ಥಿಯೂ ಆಗಿದ್ದ ತೇಜಸ್ವಿ ಸೂರ್ಯ ಅವರ ವಿರುದ್ಧ ಹಿಂದಿನ ದಿನ, ಅಂದರೆ ಏಪ್ರಿಲ್ 25ರಂದು, ಜಯನಗರ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಎಂಬುದು ಅದರ ಸಾರ. ಸಾಮಾಜಿಕ ಜಾಲತಾಣ ‘ಎಕ್ಸ್’ನಲ್ಲಿ ವಿಡಿಯೊ ಪ್ರಕಟಿಸಿ ಧರ್ಮದ ಆಧಾರದ ಮೇಲೆ ಮತ ಯಾಚಿಸಿದ್ದಾರೆ ಎಂಬುದು ಅವರ ಮೇಲಿನ ಆರೋಪ. ಪ್ರಜಾಪ್ರಾತಿನಿಧ್ಯ ಕಾಯ್ದೆಯ 123(3)ನೇ ಕಲಮನ್ನು ಪ್ರಕಟಣೆಯಲ್ಲಿ ಉಲ್ಲೇಖಿಸಲಾಗಿತ್ತು.

ಜೂನ್ 4ರಂದು ಫಲಿತಾಂಶ ಬಂದಾಗ ಸೂರ್ಯ ಅವರು ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ ಅವರನ್ನು 2,77,083 ಮತಗಳ ಅಂತರದಿಂದ ಸೋಲಿಸಿದ್ದರು. ಅಂತರ ಅಷ್ಟು ದೊಡ್ಡದಾಗಿದ್ದರಿಂದ ಮುನ್ನಾದಿನದ ಪ್ರಕರಣ ಫಲಿತಾಂಶವನ್ನು ಬದಲಿಸಿತೇ ಎಂಬ ಪ್ರಶ್ನೆ ಏಳಲಿಲ್ಲ. ಆದರೆ ಇದೇ ಲೋಕಸಭಾ ಕ್ಷೇತ್ರದ ವ್ಯಾಪ್ತಿಗೆ ಸೇರಿದ ಜಯನಗರ ವಿಧಾನಸಭಾ ಕ್ಷೇತ್ರದಲ್ಲಿ ಕೇವಲ ಒಂದು ವರ್ಷದ ಹಿಂದೆ, 2023ರ ಮೇ ತಿಂಗಳಲ್ಲಿ, ಇದೇ ಸೌಮ್ಯಾ ರೆಡ್ಡಿ ಅವರು ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರೆದುರು ಸೋತದ್ದು 16 ಮತಗಳಿಂದ. ಒಂದು ಅಪಾರ್ಟ್‌ಮೆಂಟಿನ ಒಂದು ಮಹಡಿಯ ನಿವಾಸಿಗಳು ಮನಸ್ಸು ಬದಲಿಸಿದ್ದರೂ ಫಲಿತಾಂಶ ಬದಲಾಗಬಹುದಾಗಿದ್ದ ಕ್ಷೇತ್ರವದು. ಅಂತಹ ಕಡೆ ಮತದಾನಕ್ಕೆ ಇಪ್ಪತ್ತನಾಲ್ಕು ಗಂಟೆ ಮೊದಲು ಒಬ್ಬ ಅಭ್ಯರ್ಥಿಯ ಮೇಲೆ ಎಫ್‌ಐಆರ್ ದಾಖಲಾದರೆ?

ಪ್ರಚಾರದ ಕಾಲದಲ್ಲಿ ಅಭ್ಯರ್ಥಿಯನ್ನು ಕ್ರಿಮಿನಲ್ ಮೊಕದ್ದಮೆಗೆ ಗುರಿಪಡಿಸುವುದು ಸರಿಯೇ ಎಂಬ ಚರ್ಚೆ ಪ್ರತಿ ಚುನಾವಣೆಯಲ್ಲೂ ಮರುಕಳಿಸುತ್ತದೆ. ಒಂದು ಪಕ್ಷದವರು ಅದನ್ನು ಕಾನೂನಿನ ಆಳ್ವಿಕೆ ಎಂದರೆ ಇನ್ನೊಂದು ಪಕ್ಷದವರು ರಾಜಕೀಯ ದ್ವೇಷ ಎನ್ನುತ್ತಾರೆ. ಮುಂದಿನ ಪ್ರಕರಣದಲ್ಲಿ ಪಾತ್ರಗಳು ಅದಲು ಬದಲಾಗುತ್ತವೆ, ಸಂಭಾಷಣೆ ಮಾತ್ರ ಅದೇ. ಈ ಗದ್ದಲದಲ್ಲಿ ಮರೆಯಾಗುವುದು ಮತದಾರನಿಗೆ ನಿಜಕ್ಕೂ ಬೇಕಾದ ಸಂಗತಿ: ದಾಖಲಾದ ಪ್ರಕರಣ ಯಾವ ಬಗೆಯದು, ಯಾವ ಹಂತದಲ್ಲಿದೆ, ಅದು ಎಲ್ಲಿಗೆ ಮುಟ್ಟಬಹುದು?

ಅಪರಾಧವೇ, ಭ್ರಷ್ಟ ಆಚರಣೆಯೇ?

ಚುನಾವಣಾ ಕಾಲದ ತಪ್ಪುಗಳನ್ನು ಭಾರತದ ಕಾನೂನು ಮೂರು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇಟ್ಟಿದೆ. ಮೊದಲನೆಯದು ಮಾದರಿ ನೀತಿ ಸಂಹಿತೆಯ ಉಲ್ಲಂಘನೆ. ಸಂಹಿತೆಗೆ ಶಾಸನದ ಬಲವಿಲ್ಲ. ಚುನಾವಣಾ ಆಯೋಗ ನೋಟಿಸ್ ನೀಡಬಹುದು, ಛೀಮಾರಿ ಹಾಕಬಹುದು, ಕೆಲವು ಕಾಲ ಪ್ರಚಾರ ಮಾಡದಂತೆ ತಡೆಯಬಹುದು. ಸಂಹಿತೆಯನ್ನು ಮುರಿದ ಮಾತ್ರಕ್ಕೆ ಯಾರನ್ನೂ ಜೈಲಿಗೆ ಕಳುಹಿಸಲಾಗದು.

ಎರಡನೆಯದು ಪ್ರಜಾಪ್ರಾತಿನಿಧ್ಯ ಕಾಯ್ದೆ 1951ರ 123ನೇ ಕಲಮು ಪಟ್ಟಿ ಮಾಡಿರುವ ‘ಭ್ರಷ್ಟ ಆಚರಣೆ’ಗಳು. ಲಂಚ, ಅನುಚಿತ ಪ್ರಭಾವ, ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತಯಾಚನೆ ಇತ್ಯಾದಿಗಳು ಇದರಲ್ಲಿ ಸೇರಿವೆ. ಇವುಗಳ ವಿಚಾರಣೆಯ ಸ್ಥಳ ಪೊಲೀಸ್ ಠಾಣೆಯಲ್ಲ, ಹೈಕೋರ್ಟ್. ಫಲಿತಾಂಶ ಪ್ರಕಟವಾದ 45 ದಿನಗಳೊಳಗೆ ಸೋತ ಅಭ್ಯರ್ಥಿಯಾಗಲಿ ಮತದಾರನಾಗಲಿ ಚುನಾವಣಾ ತಕರಾರು ಅರ್ಜಿ ಸಲ್ಲಿಸಬೇಕು. ಆರೋಪ ರುಜುವಾತಾದರೆ ಆಯ್ಕೆ ಅಸಿಂಧುವಾಗುತ್ತದೆ, ಆರು ವರ್ಷಗಳವರೆಗಿನ ಅನರ್ಹತೆಯೂ ಕಾದಿರುತ್ತದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದರ ವ್ಯಾಪ್ತಿ ಎಷ್ಟು ಎಂಬುದನ್ನು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ‘ಅಭಿರಾಮ್ ಸಿಂಗ್’ ಪ್ರಕರಣದಲ್ಲಿ 2017ರ ಜನವರಿ 2ರಂದು 4–3ರ ಬಹುಮತದಿಂದ ತೀರ್ಮಾನಿಸಿತು. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮವನ್ನು ಮುಂದಿಟ್ಟು ಮತ ಕೇಳುವುದೂ ನಿಷಿದ್ಧ ಎಂದು ಬಹುಮತದ ತೀರ್ಪು ಹೇಳಿತು.

ಮೂರನೆಯದು ನೇರ ಅಪರಾಧಗಳು. ಮತಕ್ಕಾಗಿ ಲಂಚ, ಅನುಚಿತ ಪ್ರಭಾವ, ಬೇರೊಬ್ಬರ ಹೆಸರಿನಲ್ಲಿ ಮತದಾನ ಮೊದಲಾದವು ಭಾರತೀಯ ದಂಡ ಸಂಹಿತೆಯ 171ನೇ ಕಲಮಿನ ಸರಣಿಯಲ್ಲಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು 170ರಿಂದ ಮುಂದಿನ ಕಲಮುಗಳಾಗಿವೆ. ಚುನಾವಣೆಯ ಸಂದರ್ಭದಲ್ಲಿ ವರ್ಗ ವರ್ಗಗಳ ನಡುವೆ ದ್ವೇಷ ಬಿತ್ತುವುದಕ್ಕೆ ಪ್ರಜಾಪ್ರಾತಿನಿಧ್ಯ ಕಾಯ್ದೆಯ 125ನೇ ಕಲಮು ಮೂರು ವರ್ಷಗಳವರೆಗಿನ ಸೆರೆವಾಸವನ್ನು ವಿಧಿಸುತ್ತದೆ.

ಜಯನಗರದ ಪ್ರಕರಣದಲ್ಲಿ ಗಮನಿಸಬೇಕಾದ ಅಂಶ ಇಲ್ಲಿದೆ. ಪ್ರಕಟಣೆಯಲ್ಲಿ ಉಲ್ಲೇಖವಾದದ್ದು 123(3)ನೇ ಕಲಮು. ಅದು ಭ್ರಷ್ಟ ಆಚರಣೆಯ ವ್ಯಾಖ್ಯಾನವೇ ಹೊರತು ಶಿಕ್ಷೆ ವಿಧಿಸುವ ಕಲಮಲ್ಲ. ಠಾಣೆಯಲ್ಲಿ ಪ್ರಕರಣ ದಾಖಲಾಯಿತು ಎಂಬ ಸುದ್ದಿ ಕೇಳಿದ ಮತದಾರ ಸಹಜವಾಗಿಯೇ ಅದನ್ನು ಕಳವು, ಹಲ್ಲೆಗಳ ಸಾಲಿನಲ್ಲಿ ಇಡುತ್ತಾನೆ. ಕಾನೂನಿನ ದೃಷ್ಟಿಯಲ್ಲಿ ಎರಡರ ದಾರಿಯೂ ಬೇರೆ, ಕೊನೆಯೂ ಬೇರೆ.

ಸಣ್ಣ ಶಿಕ್ಷೆ, ದೊಡ್ಡ ಪರಿಣಾಮ

ಚುನಾವಣಾ ಅಪರಾಧಗಳಿಗೆ ಇರುವ ಶಿಕ್ಷೆ ಮೇಲ್ನೋಟಕ್ಕೆ ಹಗುರವಾದದ್ದು. ಲಂಚಕ್ಕೂ ಅನುಚಿತ ಪ್ರಭಾವಕ್ಕೂ ಗರಿಷ್ಠ ಒಂದು ವರ್ಷ ಸೆರೆವಾಸ, ಇಲ್ಲವೇ ದಂಡ, ಇಲ್ಲವೇ ಎರಡೂ. ಇವು ಅಸಂಜ್ಞೇಯ ಅಪರಾಧಗಳು. ಅರ್ಥಾತ್ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆ ಆರಂಭಿಸುವಂತಿಲ್ಲ. ಅಧಿಕಾರಿಗಳ ಆದೇಶ ಉಲ್ಲಂಘಿಸಿದ ಆರೋಪಕ್ಕೆ ಸಂಬಂಧಪಟ್ಟ ಅಧಿಕಾರಿಯೇ ನ್ಯಾಯಾಲಯಕ್ಕೆ ಲಿಖಿತ ದೂರು ಕೊಡಬೇಕು. ಇಲ್ಲವಾದರೆ ನ್ಯಾಯಾಲಯ ಅದನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಪ್ರಚಾರದ ಗಡಿಬಿಡಿಯಲ್ಲಿ ಇಂತಹ ವಿಧಿಗಳನ್ನು ಬಿಟ್ಟು ಹೂಡಿದ ಪ್ರಕರಣ ಮುಂದೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ.

ಆದರೆ ಶಿಕ್ಷೆಯಾದರೆ ಪರಿಣಾಮ ಸಣ್ಣದಲ್ಲ. ಸಾಮಾನ್ಯ ಅಪರಾಧಗಳಲ್ಲಿ ಎರಡು ವರ್ಷ ಅಥವಾ ಹೆಚ್ಚಿನ ಸೆರೆವಾಸವಾದರೆ ಮಾತ್ರ ಅನರ್ಹತೆ. ಆದರೆ ಕಾಯ್ದೆಯ 8(1)ನೇ ಉಪಕಲಮಿನಲ್ಲಿ ಹೆಸರಿಸಿದ ಅಪರಾಧಗಳಲ್ಲಿ ಬರೀ ದಂಡ ವಿಧಿಸಿದರೂ ಆರು ವರ್ಷ ಸ್ಪರ್ಧೆಗೆ ಅನರ್ಹತೆ. ಚುನಾವಣಾ ಲಂಚ, ಅನುಚಿತ ಪ್ರಭಾವ, ದ್ವೇಷ ಪ್ರಚೋದನೆ ಈ ಪಟ್ಟಿಯಲ್ಲಿವೆ. ಸಾವಿರ ರೂಪಾಯಿ ದಂಡ ಕಟ್ಟಿ ಮನೆಗೆ ಹೋಗುವ ಅಭ್ಯರ್ಥಿ ಮುಂದಿನ ಒಂದು ಸಾರ್ವತ್ರಿಕ ಚುನಾವಣೆಯನ್ನಾದರೂ ಕಳೆದುಕೊಳ್ಳುತ್ತಾನೆ. ಆದ್ದರಿಂದಲೇ ಇಂತಹ ಪ್ರಕರಣಗಳನ್ನು ಅಭ್ಯರ್ಥಿಗಳು ಕೊನೆಯವರೆಗೂ ಹೋರಾಡುತ್ತಾರೆ, ಎದುರಾಳಿಗಳು ಹುರುಪಿನಿಂದ ಹೂಡುತ್ತಾರೆ.

ಒಂದು ಪ್ರಚಾರ ಭಾಷಣ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕೋಲಾರವೇ ಸಾಕ್ಷಿ. 2019ರ ಏಪ್ರಿಲ್ 13ರಂದು ರಾಹುಲ್ ಗಾಂಧಿ ಅವರು ಅಲ್ಲಿ ಆಡಿದ ಮಾತಿಗೆ ಗುಜರಾತಿನ ಸೂರತ್‌ನಲ್ಲಿ ಮಾನನಷ್ಟ ಮೊಕದ್ದಮೆ ಹೂಡಲಾಯಿತು. 2023ರ ಮಾರ್ಚ್ 23ರಂದು ಎರಡು ವರ್ಷ ಶಿಕ್ಷೆಯಾಯಿತು, ಮರುದಿನವೇ ಅವರ ಸಂಸತ್ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ದೋಷಿ ಎಂಬ ತೀರ್ಪಿಗೆ ತಡೆ ನೀಡಿತು. ಗರಿಷ್ಠ ಶಿಕ್ಷೆಯನ್ನೇ ವಿಧಿಸಲು ವಿಚಾರಣಾ ನ್ಯಾಯಾಲಯ ಕಾರಣ ನೀಡಿಲ್ಲ, ಒಂದು ದಿನ ಕಡಿಮೆಯಿದ್ದರೂ ಅನರ್ಹತೆ ಬರುತ್ತಿರಲಿಲ್ಲ ಎಂದು ಅದು ಗಮನಿಸಿತು.

ಪ್ರಮಾಣಪತ್ರಕ್ಕೆ ಸಿಗದ ಪ್ರಕರಣ

ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು, 2003ರಲ್ಲಿ ಅದನ್ನು ದೃಢಪಡಿಸಿತು. ಅದರ ಫಲವಾಗಿ ನಾಮಪತ್ರದೊಂದಿಗೆ ನಮೂನೆ 26ರಲ್ಲಿ ಪ್ರಮಾಣಪತ್ರ ಸಲ್ಲಿಸುವುದು ಕಡ್ಡಾಯ. ಬಾಕಿ ಇರುವ ಪ್ರಕರಣದ ಎಫ್‌ಐಆರ್ ಸಂಖ್ಯೆ, ಠಾಣೆ, ನ್ಯಾಯಾಲಯ, ಕಲಮುಗಳು, ದೋಷಾರೋಪ ನಿಗದಿಯಾಗಿದೆಯೇ, ಆಗಿದ್ದರೆ ಎಂದು, ಇವೆಲ್ಲವೂ ಅದರಲ್ಲಿ ಇರಬೇಕು. ಸುಳ್ಳು ಹೇಳಿದರೆ ಆರು ತಿಂಗಳವರೆಗೆ ಸೆರೆವಾಸ. 2018ರ ಸೆಪ್ಟೆಂಬರ್ 25ರ ‘ಪಬ್ಲಿಕ್ ಇಂಟರೆಸ್ಟ್ ಫೌಂಡೇಶನ್’ ತೀರ್ಪಿನ ನಂತರ ಈ ವಿವರವನ್ನು ಪ್ರಚಾರದ ಅವಧಿಯಲ್ಲಿ ಮೂರು ಬಾರಿ ಪತ್ರಿಕೆ ಮತ್ತು ಟಿ.ವಿ.ಗಳಲ್ಲಿ ಪ್ರಕಟಿಸಬೇಕು. 2020ರ ಫೆಬ್ರುವರಿಯ ಆದೇಶದಂತೆ, ಕ್ರಿಮಿನಲ್ ಪ್ರಕರಣ ಇರುವವರನ್ನೇ ಏಕೆ ಆರಿಸಲಾಯಿತು ಎಂಬುದಕ್ಕೆ ಪಕ್ಷಗಳು ಕಾರಣ ಕೊಡಬೇಕು. ಗೆಲ್ಲುವ ಸಾಮರ್ಥ್ಯವೊಂದೇ ಕಾರಣವಾಗಲಾರದು ಎಂದೂ ನ್ಯಾಯಾಲಯ ಎಚ್ಚರಿಸಿದೆ.

ಈ ಇಡೀ ವ್ಯವಸ್ಥೆಯಲ್ಲಿ ಒಂದು ದೊಡ್ಡ ಕಂಡಿ ಇದೆ. 2024ರಲ್ಲಿ ಬೆಂಗಳೂರು ದಕ್ಷಿಣಕ್ಕೆ ನಾಮಪತ್ರ ಸಲ್ಲಿಸಲು ಏಪ್ರಿಲ್ 4 ಕಡೆಯ ದಿನವಾಗಿತ್ತು. ಏಪ್ರಿಲ್ 25ರ ಪ್ರಕರಣ ಪ್ರಮಾಣಪತ್ರದಲ್ಲಿ ಇರಲು ಸಾಧ್ಯವೇ ಇರಲಿಲ್ಲ. ನಾಮಪತ್ರದ ನಂತರ ಹೂಡಿದ ಪ್ರಕರಣ ಮತದಾರನನ್ನು ತಲುಪುವುದು ಸುದ್ದಿಯ ಮೂಲಕ, ವಾಟ್ಸ್‌ಆ್ಯಪ್ ಸಂದೇಶದ ಮೂಲಕ, ಎದುರಾಳಿಯ ಭಾಷಣದ ಮೂಲಕ. ಮತದಾನ ಮುಗಿಯುವ ಹಿಂದಿನ 48 ಗಂಟೆಗಳಲ್ಲಿ ಬಹಿರಂಗ ಪ್ರಚಾರಕ್ಕೆ ನಿಷೇಧ ಇರುವುದರಿಂದ ಆ ಅವಧಿಯಲ್ಲಿ ಪ್ರಕರಣ ಎದುರಿಸುವ ಅಭ್ಯರ್ಥಿ ಸಭೆ ಕರೆದು ಉತ್ತರ ಕೊಡುವಂತೆಯೂ ಇಲ್ಲ. ಹಾಗೆಯೇ ಆ ಕೊನೆಯ ಗಳಿಗೆಯನ್ನೇ ಆಯ್ದುಕೊಂಡು ತಪ್ಪು ಮಾಡುವ ಅಭ್ಯರ್ಥಿಯನ್ನು ಮತದಾನಕ್ಕೆ ಮೊದಲು ಹೊಣೆ ಮಾಡಲು ಎಫ್‌ಐಆರ್ ಹೊರತು ಬೇರೆ ದಾರಿಯೂ ಅಧಿಕಾರಿಗಳಿಗೆ ಕಡಿಮೆ.

ರಾಜರಾಜೇಶ್ವರಿ ನಗರದ ಪಾಠ

ಬನಶಂಕರಿಯಿಂದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರ್ ದೂರದ ರಾಜರಾಜೇಶ್ವರಿ ನಗರ ಕ್ಷೇತ್ರ ಈ ಚರ್ಚೆಗೆ ರಾಜ್ಯದಲ್ಲೇ ಅತ್ಯಂತ ಮುಖ್ಯವಾದ ಉದಾಹರಣೆ. 2018ರ ವಿಧಾನಸಭಾ ಚುನಾವಣೆಗೆ ನಾಲ್ಕು ದಿನವಿರುವಾಗ, ಮೇ 8ರಂದು, ಜಾಲಹಳ್ಳಿಯ ಫ್ಲ್ಯಾಟ್ ಒಂದರಲ್ಲಿ 9,746 ಮತದಾರರ ಗುರುತಿನ ಚೀಟಿಗಳು ಪತ್ತೆಯಾದವು. ಆಗ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದ ಹಾಲಿ ಶಾಸಕ ಮುನಿರತ್ನ ಅವರ ಹೆಸರೂ ಎಫ್‌ಐಆರ್‌ಗೆ ಸೇರಿತು. ಚುನಾವಣಾ ಆಯೋಗ ಮೇ 12ರ ಮತದಾನವನ್ನು ಆ ಕ್ಷೇತ್ರಕ್ಕೆ ಸೀಮಿತವಾಗಿ ಮೇ 28ಕ್ಕೆ ಮುಂದೂಡಿತು.

ಮತದಾರರಿಗೆ ಯೋಚಿಸಲು ಹದಿನಾರು ದಿನ ಹೆಚ್ಚುವರಿಯಾಗಿ ಸಿಕ್ಕಿತು. ಆರೋಪ ಗುಟ್ಟಾಗಿರಲಿಲ್ಲ, ದೇಶದ ಎಲ್ಲ ವಾಹಿನಿಗಳಲ್ಲೂ ಅದು ಸುದ್ದಿಯಾಗಿತ್ತು. ಮುನಿರತ್ನ 25,492 ಮತಗಳ ಅಂತರದಿಂದ ಗೆದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ ಅವರು ಮೈತ್ರಿ ಸರ್ಕಾರದ ವಿರುದ್ಧ ರಾಜೀನಾಮೆ ಕೊಟ್ಟ ಶಾಸಕರ ಗುಂಪಿನಲ್ಲಿದ್ದರು, 2019ರ ಜುಲೈನಲ್ಲಿ ಅನರ್ಹಗೊಂಡರು. ಆ ವರ್ಷದ ಡಿಸೆಂಬರ್‌ನಲ್ಲಿ ಹದಿನೈದು ಕ್ಷೇತ್ರಗಳಿಗೆ ಉಪಚುನಾವಣೆ ನಡೆದಾಗ ರಾಜರಾಜೇಶ್ವರಿ ನಗರ ಹೊರಗುಳಿಯಿತು. 2018ರ ಆಯ್ಕೆಯನ್ನು ಪ್ರಶ್ನಿಸಿದ್ದ ವ್ಯಾಜ್ಯ ಇನ್ನೂ ಬಾಕಿಯಿತ್ತು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಪರಾಜಿತ ಅಭ್ಯರ್ಥಿಯ ಮೇಲ್ಮನವಿ ತಳ್ಳಿಹಾಕಿದ ಬಳಿಕವೇ ದಾರಿ ಸುಗಮವಾದದ್ದು. ನವೆಂಬರ್ 3ರಂದು ಮತದಾನ ನಡೆದು, ಬಿಜೆಪಿ ಅಭ್ಯರ್ಥಿಯಾಗಿದ್ದ ಅದೇ ಮುನಿರತ್ನ ಗೆದ್ದರು. ನಡುವಿನ ಹದಿನೈದು ತಿಂಗಳು ಲಕ್ಷಾಂತರ ಮತದಾರರಿಗೆ ಶಾಸಕರೇ ಇರಲಿಲ್ಲ. ಚುನಾವಣಾ ತಕರಾರು ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ ಎಂಬುದು ಇಲ್ಲಿ ನೆನಪಿಡಬೇಕಾದ ಮಾತು.

2018ರಲ್ಲಿ ಮುನಿರತ್ನ ಅವರ ಮೇಲಿನ ಆರೋಪವನ್ನು ಬೀದಿ ಬೀದಿಯಲ್ಲಿ ಸಾರಿದ್ದು ಬಿಜೆಪಿ, ಅಲ್ಲಗಳೆದದ್ದು ಕಾಂಗ್ರೆಸ್. 2020ರ ಉಪಚುನಾವಣೆಯಲ್ಲಿ ಆರೋಪಿಸುವವರೂ ಸಮರ್ಥಿಸುವವರೂ ಸ್ಥಾನ ಬದಲಿಸಿಕೊಂಡಿದ್ದರು. ಆರೋಪದ ತೂಕ ಆರೋಪಿಯ ಪಕ್ಷದೊಂದಿಗೆ ಬದಲಾಗುವುದಾದರೆ ಮತದಾರ ಯಾರ ಮಾತನ್ನು ಪ್ರಮಾಣವೆಂದು ಹಿಡಿಯಬೇಕು?

2024ರಲ್ಲೂ ಇದೇ ಪ್ರದೇಶ ಮತ್ತೆ ಸುದ್ದಿಯಾಯಿತು. ಬೇಸಿಗೆಯ ನೀರಿನ ಬವಣೆಯ ನಡುವೆ ಅಪಾರ್ಟ್‌ಮೆಂಟ್ ನಿವಾಸಿಗಳ ಸಭೆಯಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ಸಹೋದರ ಡಿ.ಕೆ. ಸುರೇಶ್ ಪರವಾಗಿ ಮತ ಕೇಳುತ್ತ ಕಾವೇರಿ ನೀರಿನ ಭರವಸೆ ನೀಡಿದ್ದು ಆಮಿಷವೆಂದು ಪರಿಗಣಿತವಾಗಿ ಅವರ ವಿರುದ್ಧ ಎಫ್‌ಐಆರ್ ದಾಖಲಾಯಿತು. ಬೆಂಗಳೂರು ಗ್ರಾಮಾಂತರದಲ್ಲಿ ಸುರೇಶ್ ಎರಡೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಪಕ್ಕದ ಬೆಂಗಳೂರು ದಕ್ಷಿಣದಲ್ಲಿ ಪ್ರಕರಣ ಎದುರಿಸಿದ ಸೂರ್ಯ ಎರಡೂ ಮುಕ್ಕಾಲು ಲಕ್ಷ ಮತಗಳಿಂದ ಗೆದ್ದರು. ಎಫ್‌ಐಆರ್‌ನಿಂದ ಸೋಲು ಗೆಲುವಿನ ಲೆಕ್ಕ ಹಾಕುವವರಿಗೆ ಇದಕ್ಕಿಂತ ಗೊಂದಲದ ಉದಾಹರಣೆ ಸಿಗದು.

ಹಾಸನ: ಮೌನವೂ ನಿಷ್ಪಕ್ಷಪಾತವಲ್ಲ

ಹಾಗಾದರೆ ಮತದಾನ ಮುಗಿಯುವವರೆಗೆ ಯಾವ ಪ್ರಕರಣವನ್ನೂ ಹೂಡದಿರುವುದೇ ಲೇಸು ಎಂಬ ವಾದವಿದೆ. ಅದಕ್ಕೆ ಉತ್ತರ ಅದೇ 2024ರ ಏಪ್ರಿಲ್‌ನ ಹಾಸನದಲ್ಲಿದೆ. ಜೆಡಿಎಸ್ ಅಭ್ಯರ್ಥಿ ಪ್ರಜ್ವಲ್ ರೇವಣ್ಣ ಅವರಿಗೆ ಸಂಬಂಧಿಸಿದ್ದೆನ್ನಲಾದ ಲೈಂಗಿಕ ದೌರ್ಜನ್ಯದ ದೃಶ್ಯಗಳಿದ್ದ ಪೆನ್‌ಡ್ರೈವ್‌ಗಳು ಮತದಾನಕ್ಕೆ ಮೊದಲೇ ಜಿಲ್ಲೆಯಲ್ಲಿ ಹರಿದಾಡಿದವು. ಏಪ್ರಿಲ್ 26ರಂದು ಮತದಾನ ನಡೆಯಿತು. ವಿಶೇಷ ತನಿಖಾ ತಂಡ ರಚನೆ, ಮೊದಲ ಎಫ್‌ಐಆರ್ ಎಲ್ಲವೂ ಅದರ ನಂತರ. ಅಷ್ಟರಲ್ಲಿ ಅಭ್ಯರ್ಥಿ ವಿದೇಶಕ್ಕೆ ತೆರಳಿದ್ದರು. ಹಾಸನದ ಮತದಾರ ವದಂತಿಯ ಆಧಾರದ ಮೇಲೆ ಮತ ಹಾಕಿದರೆ, ಮೇ 7ರಂದು ಮತದಾನವಿದ್ದ ಉತ್ತರ ಕರ್ನಾಟಕದ ಕ್ಷೇತ್ರಗಳಲ್ಲಿ ಅದೇ ಪ್ರಕರಣ ಪ್ರಚಾರದ ಮುಖ್ಯ ವಿಷಯವಾಯಿತು.

ಪ್ರಜ್ವಲ್ ಚುನಾವಣೆಯಲ್ಲಿ ಸೋತರು. ಮೇ 31ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬಂಧಿತರಾದರು. ದಾಖಲಾದ ಪ್ರಕರಣಗಳ ಪೈಕಿ ಒಂದರಲ್ಲಿ ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಅವರನ್ನು ಅತ್ಯಾಚಾರದ ದೋಷಿ ಎಂದು ತೀರ್ಮಾನಿಸಿ ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಇಂತಹ ಆರೋಪವನ್ನು ಚುನಾವಣೆಯ ನೆಪದಲ್ಲಿ ಪಕ್ಕಕ್ಕಿಡುವುದೆಂದರೆ ಸಂತ್ರಸ್ತರನ್ನು ಕಾಯಿಸುವುದು, ಸಾಕ್ಷ್ಯ ಕಳೆದುಹೋಗಲು ಬಿಡುವುದು. ಅಭ್ಯರ್ಥಿ ಎಂಬ ಕಾರಣಕ್ಕೆ ಯಾರಿಗೂ ಕಾನೂನಿನಿಂದ ರಜೆ ಸಿಗದು ಎಂಬುದೇ ಮೊಕದ್ದಮೆಯ ಪರ ವಾದಿಸುವವರ ಬಲವಾದ ಅಂಶ.

ಬಂಧನ, ಜಾಮೀನು, ಪ್ರಚಾರದ ಹಕ್ಕು

ಪ್ರಕರಣ ದಾಖಲಿಸುವುದು ಒಂದು, ಅಭ್ಯರ್ಥಿಯನ್ನೋ ಪ್ರಚಾರಕನನ್ನೋ ಬಂಧಿಸುವುದು ಇನ್ನೊಂದು. ಜೈಲಿನಲ್ಲಿರುವವರು ಮತ ಹಾಕುವಂತಿಲ್ಲವಾದರೂ ಸ್ಪರ್ಧಿಸಬಹುದು. ಬಂಧನದಲ್ಲಿರುವವರು ಸ್ಪರ್ಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಹೇಳಿತ್ತು. ಎದುರಾಳಿಯನ್ನು ನಾಮಪತ್ರದ ಹೊತ್ತಿಗೆ ಬಂಧಿಸಿದರೆ ಕಣವೇ ಖಾಲಿಯಾಗಬಹುದೆಂಬ ಆತಂಕ ವ್ಯಕ್ತವಾಗಿ, ಸಂಸತ್ತು ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಸ್ಪರ್ಧೆಯ ಹಕ್ಕನ್ನು ಉಳಿಸಿತು.

2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾದ ಐದೇ ದಿನಗಳಲ್ಲಿ ದೆಹಲಿ ಮುಖ್ಯಮಂತ್ರಿಯಾಗಿದ್ದ ಅರವಿಂದ ಕೇಜ್ರಿವಾಲ್ ಅವರನ್ನು ಜಾರಿ ನಿರ್ದೇಶನಾಲಯ ಬಂಧಿಸಿತು. ಪ್ರಚಾರ ಮಾಡುವುದು ಮೂಲಭೂತ ಹಕ್ಕಲ್ಲ, ರಾಜಕಾರಣಿಗೆ ವಿಶೇಷ ಸವಲತ್ತು ಕೊಟ್ಟರೆ ಸಾಮಾನ್ಯ ಕೈದಿಗೆ ಅನ್ಯಾಯವಾಗುತ್ತದೆ ಎಂದು ನಿರ್ದೇಶನಾಲಯ ವಾದಿಸಿತು. ಸುಪ್ರೀಂ ಕೋರ್ಟ್ ಮೇ 10ರಂದು ಜೂನ್ 1ರವರೆಗೆ ಮಧ್ಯಂತರ ಜಾಮೀನು ನೀಡಿತು. ಚುನಾವಣೆ ಪ್ರಜಾಪ್ರಭುತ್ವಕ್ಕೆ ಜೀವಶಕ್ತಿ ಒದಗಿಸುತ್ತದೆ, ಆ ಸಂದರ್ಭವನ್ನು ಕಡೆಗಣಿಸಲಾಗದು ಎಂಬುದು ನ್ಯಾಯಾಲಯದ ನಿಲುವಾಗಿತ್ತು.

ರಾಜ್ಯದಲ್ಲಿ ಒಂದು ವರ್ಷ ಹಿಂದೆ ಭಿನ್ನ ಸನ್ನಿವೇಶವಿತ್ತು. ಕೊಲೆ ಪ್ರಕರಣದ ಆರೋಪಿಯಾಗಿ ಜಾಮೀನಿನ ಮೇಲಿದ್ದ ವಿನಯ ಕುಲಕರ್ಣಿ ಅವರಿಗೆ ಧಾರವಾಡ ಜಿಲ್ಲೆಗೆ ಕಾಲಿಡದಂತೆ ಷರತ್ತಿತ್ತು. 2023ರಲ್ಲಿ ಪ್ರಚಾರಕ್ಕೆಂದು ಕೇಳಿದ ಅನುಮತಿ ಸಿಗಲಿಲ್ಲ. ಕುಟುಂಬದವರೇ ಕ್ಷೇತ್ರದಲ್ಲಿ ಮತ ಕೇಳಿದರು, ಅಭ್ಯರ್ಥಿ ತಮ್ಮದೇ ಕ್ಷೇತ್ರವನ್ನು ಪ್ರವೇಶಿಸದೆ ಗೆದ್ದರು.

ಹಳೆಯ ಕತೆ: ಚಿಕ್ಕಮಗಳೂರು

ಈ ಪ್ರಶ್ನೆ ಇಂದಿನದಲ್ಲ. ತುರ್ತು ಪರಿಸ್ಥಿತಿಯ ಕೊನೆಯಲ್ಲಿ, 1977ರಲ್ಲಿ, ಬರೋಡಾ ಡೈನಮೈಟ್ ಪ್ರಕರಣದ ಆರೋಪಿಯಾಗಿ ಜೈಲಿನಲ್ಲಿದ್ದ ಮಂಗಳೂರು ಮೂಲದ ಜಾರ್ಜ್ ಫರ್ನಾಂಡಿಸ್ ಬಿಹಾರದ ಮುಜಫ್ಫರಪುರದಿಂದ ಮೂರು ಲಕ್ಷಕ್ಕೂ ಹೆಚ್ಚು ಅಂತರದಲ್ಲಿ ಗೆದ್ದರು. ಕೈಕೋಳದಲ್ಲಿದ್ದ ಅವರ ಚಿತ್ರವೇ ಪ್ರಚಾರವಾಗಿತ್ತು. ಸರ್ಕಾರ ಬದಲಾಯಿತು, ಪ್ರಕರಣ ಹಿಂದಕ್ಕೆ ಪಡೆಯಲ್ಪಟ್ಟಿತು, ಆರೋಪಿ ಸಚಿವರಾದರು.

ಅದೇ ಜನತಾ ಸರ್ಕಾರ 1977ರ ಅಕ್ಟೋಬರ್ 3ರಂದು ಇಂದಿರಾ ಗಾಂಧಿ ಅವರನ್ನು ಭ್ರಷ್ಟಾಚಾರದ ಆರೋಪದ ಮೇಲೆ ಬಂಧಿಸಿತು. ಮರುದಿನವೇ ಮ್ಯಾಜಿಸ್ಟ್ರೇಟರು ಬಿಡುಗಡೆ ಮಾಡಿದರು. ಮುಂದಿನ ವರ್ಷ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಗೆ ಅವರು ಬಂದಾಗ ಶಾ ಆಯೋಗದ ವರದಿ, ಮೊಕದ್ದಮೆಗಳು, ತುರ್ತು ಪರಿಸ್ಥಿತಿಯ ಅತಿರೇಕಗಳು ಎಲ್ಲವೂ ಎದುರಾಳಿಗಳ ಬತ್ತಳಿಕೆಯಲ್ಲಿದ್ದವು. ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲರನ್ನು ಅವರು 70 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ದುರ್ಬಲವಾಗಿ ಕಟ್ಟಿದ ಮೊಕದ್ದಮೆ ಆರೋಪಿಗೇ ಅನುಕಂಪದ ಅಲೆಯನ್ನು ತಂದುಕೊಡಬಹುದು ಎಂಬ ಪಾಠವನ್ನು ಮಲೆನಾಡು ಅಂದೇ ಕಲಿಸಿತ್ತು.

ಹೊರಗಿನ ಅನುಭವ

ಅಮೆರಿಕದ ನ್ಯಾಯ ಇಲಾಖೆಯಲ್ಲಿ ಚುನಾವಣೆಗೆ ಸುಮಾರು 60 ದಿನಗಳಿರುವಾಗ ಅಭ್ಯರ್ಥಿಗಳ ವಿರುದ್ಧ ಬಹಿರಂಗ ಕ್ರಮ ಕೈಗೊಳ್ಳದಿರುವ ಅಲಿಖಿತ ಸಂಪ್ರದಾಯವಿದೆ. ಆದರೂ ಡೊನಾಲ್ಡ್ ಟ್ರಂಪ್ ಅವರ ಮೇಲಿನ ನಾಲ್ಕು ಪ್ರಕರಣಗಳು 2024ರ ಇಡೀ ಪ್ರಚಾರವನ್ನು ಆವರಿಸಿದವು. ನ್ಯೂಯಾರ್ಕಿನಲ್ಲಿ ಮೇ 30ರಂದು 34 ಆರೋಪಗಳಲ್ಲಿ ಅವರು ದೋಷಿಯಾದರು, ನವೆಂಬರ್‌ನಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು, 2025ರ ಜನವರಿ 10ರಂದು ಯಾವುದೇ ಶಿಕ್ಷೆಯಿಲ್ಲದೆ ಬಿಡುಗಡೆಯ ಆದೇಶ ಪಡೆದರು.

ಬ್ರೆಜಿಲ್‌ನ ಕತೆ ತದ್ವಿರುದ್ಧ. ಮೇಲ್ಮನವಿ ಹಂತದಲ್ಲಿ ದೋಷಿಯಾದವರು ಸ್ಪರ್ಧಿಸದಂತೆ ತಡೆಯುವ 2010ರ ಕಾನೂನಿನಡಿ ಮಾಜಿ ಅಧ್ಯಕ್ಷ ಲುಲಾ ಅವರನ್ನು 2018ರ ಕಣದಿಂದ ಹೊರಗಿಡಲಾಯಿತು. 2021ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಆ ಶಿಕ್ಷೆಗಳು ರದ್ದಾದವು, 2022ರಲ್ಲಿ ಅವರು ಮತ್ತೆ ಅಧ್ಯಕ್ಷರಾಗಿ ಗೆದ್ದರು. ನಾಲ್ಕು ವರ್ಷಗಳ ಹಿಂದೆ ಕೋಟ್ಯಂತರ ಮತದಾರರಿಗೆ ಆ ಆಯ್ಕೆ ಇರಲಿಲ್ಲ; ಅದನ್ನು ಹಿಂತಿರುಗಿಸುವ ತೀರ್ಪು ಯಾವುದೂ ಇಲ್ಲ.

ರೋಗ ಇರುವುದು ವಿಳಂಬದಲ್ಲಿ

ಹಾಗಾದರೆ ಎಲ್ಲಿ ಗೆರೆ ಎಳೆಯಬೇಕು? ಕಾನೂನು ಆಯೋಗ 2014ರ ಫೆಬ್ರುವರಿಯ ತನ್ನ 244ನೇ ವರದಿಯಲ್ಲಿ ಒಂದು ಮಧ್ಯಮಾರ್ಗ ಸೂಚಿಸಿತ್ತು. ಐದು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಿರುವ ಅಪರಾಧಗಳಲ್ಲಿ ನ್ಯಾಯಾಲಯ ದೋಷಾರೋಪ ನಿಗದಿ ಮಾಡಿದ್ದರೆ ಅನರ್ಹತೆ ಇರಲಿ. ಆದರೆ ನಾಮಪತ್ರ ಪರಿಶೀಲನೆಗೆ ಹಿಂದಿನ ಒಂದು ವರ್ಷದೊಳಗಿನ ದೋಷಾರೋಪಗಳಿಗೆ ಅದು ಅನ್ವಯಿಸದಿರಲಿ ಎಂಬುದು ಅದರ ಶಿಫಾರಸು. ಚುನಾವಣೆ ಹತ್ತಿರವಾದಾಗ ಹೆಣೆಯುವ ಪ್ರಕರಣಕ್ಕೂ ವರ್ಷಗಳಿಂದ ನಿಂತಿರುವ ಪ್ರಕರಣಕ್ಕೂ ವ್ಯತ್ಯಾಸ ಮಾಡುವ ಪ್ರಯತ್ನ ಇದರಲ್ಲಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಹೊಸ ಅನರ್ಹತೆ ಸೃಷ್ಟಿಸುವುದು ತನ್ನ ಕೆಲಸವಲ್ಲ, ಸಂಸತ್ತಿನದು ಎಂದಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಂಡಿಸಿದ ಸಂವಿಧಾನದ 130ನೇ ತಿದ್ದುಪಡಿ ಮಸೂದೆ ಮೂವತ್ತು ದಿನ ಬಂಧನದಲ್ಲಿರುವ ಮಂತ್ರಿಗಳ ಪದಚ್ಯುತಿಗೆ ಸಂಬಂಧಿಸಿದ್ದು. ಅಭ್ಯರ್ಥಿಗಳ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಎಲ್ಲ ಉದಾಹರಣೆಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಪ್ರಕರಣ ಹೂಡಿದ ದಿನಾಂಕಕ್ಕಿಂತ ಅದು ಮುಗಿಯದ ಅವಧಿಯೇ ಹೆಚ್ಚು ಹಾನಿ ಮಾಡಿದಂತೆ ಕಾಣುತ್ತದೆ. ಓಬಳಾಪುರಂ ಗಣಿ ಪ್ರಕರಣ ಸಿಬಿಐಗೆ ಬಂದದ್ದು 2009ರಲ್ಲಿ, ಗಾಲಿ ಜನಾರ್ದನ ರೆಡ್ಡಿ ಬಂಧಿತರಾದದ್ದು 2011ರಲ್ಲಿ. ಅವರು ಸ್ವಂತ ಪಕ್ಷ ಕಟ್ಟಿ ಗಂಗಾವತಿಯಿಂದ ಗೆದ್ದದ್ದು 2023ರಲ್ಲಿ. ವಿಚಾರಣಾ ನ್ಯಾಯಾಲಯ ದೋಷಿ ಎಂದು ಏಳು ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ಮರು ತಿಂಗಳೇ ಹೈಕೋರ್ಟ್ ಅದನ್ನು ಅಮಾನತಿನಲ್ಲಿಟ್ಟಿತು. ಈ ಒಂದೂವರೆ ದಶಕದಲ್ಲಿ ನಡೆದ ಪ್ರತಿ ಚುನಾವಣೆಯಲ್ಲೂ ಮತದಾರ ನ್ಯಾಯಾಲಯ ಹೇಳದ ತೀರ್ಪನ್ನು ತಾನೇ ಊಹಿಸಬೇಕಾಯಿತು. ಇದಕ್ಕೆ ಹೋಲಿಸಿದರೆ ಪ್ರಜ್ವಲ್ ಪ್ರಕರಣದಲ್ಲಿ ಒಂದೂಕಾಲು ವರ್ಷದ ಆಸುಪಾಸಿನಲ್ಲಿ ವಿಚಾರಣಾ ನ್ಯಾಯಾಲಯದ ತೀರ್ಪು ಹೊರಬಿದ್ದಿತು. ಮೇಲ್ಮನವಿಯ ಹಾದಿ ಮುಂದೆ ಇದ್ದೇ ಇರುತ್ತದೆ, ಆದರೆ ಮತದಾರನ ಕೈಗೆ ಕನಿಷ್ಠ ಒಂದು ತೀರ್ಪು ಸಿಗುತ್ತದೆ. ಜನಪ್ರತಿನಿಧಿಗಳ ವಿಚಾರಣೆಯನ್ನು ದೋಷಾರೋಪ ನಿಗದಿಯಾದ ಒಂದು ವರ್ಷದಲ್ಲಿ ಮುಗಿಸಬೇಕೆಂದು 2014ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, 2017ರ ನಂತರ ವಿಶೇಷ ನ್ಯಾಯಾಲಯಗಳು ಬಂದದ್ದು, 2023ರ ನವೆಂಬರ್‌ನಲ್ಲಿ ಮೇಲ್ವಿಚಾರಣೆಯನ್ನು ಹೈಕೋರ್ಟ್‌ಗಳಿಗೆ ವಹಿಸಿದ್ದು ಎಲ್ಲವೂ ಇದೇ ಉದ್ದೇಶಕ್ಕೆ.

ಅಲ್ಲಿಯವರೆಗೆ ಜಯನಗರ, ಜೆ.ಪಿ. ನಗರ, ಬಿಟಿಎಂ ಲೇಔಟ್‌ಗಳ ಮತದಾರ ಮಾಡಬಹುದಾದದ್ದು ಕೆಲವು ಸರಳ ಪ್ರಶ್ನೆಗಳನ್ನು ಕೇಳುವುದು. ಇದು ಬರೀ ಎಫ್‌ಐಆರ್ ಆಗಿದೆಯೇ? ಅದು ಒಂದು ದೂರು ಬಂದಿದೆ ಎಂಬುದಕ್ಕಷ್ಟೇ ದಾಖಲೆ. ಆರೋಪಪಟ್ಟಿ ಸಲ್ಲಿಕೆಯಾಗಿದೆಯೇ? ಅದು ಪೊಲೀಸರ ಅಭಿಪ್ರಾಯ. ದೋಷಾರೋಪ ನಿಗದಿಯಾಗಿದೆಯೇ? ಮೇಲ್ನೋಟಕ್ಕೆ ಹುರುಳಿದೆ ಎಂದು ನ್ಯಾಯಾಧೀಶರು ಒಪ್ಪಿದ್ದಾರೆ ಎಂದರ್ಥ. ಶಿಕ್ಷೆಯಾಗಿದೆಯೇ, ಮೇಲ್ಮನವಿ ಏನಾಯಿತು? ಆರೋಪ ಆಡಿದ ಮಾತಿನದೋ, ಹಣದ್ದೋ, ಇನ್ನೊಬ್ಬರ ದೇಹ ಮತ್ತು ಜೀವಕ್ಕೆ ಸಂಬಂಧಿಸಿದ್ದೋ? ಇವುಗಳ ಉತ್ತರದ ಬಹುಭಾಗ ಚುನಾವಣಾ ಆಯೋಗದ ಜಾಲತಾಣದಲ್ಲಿರುವ ಪ್ರಮಾಣಪತ್ರದಲ್ಲಿ ಸಿಗುತ್ತದೆ. ಅದರಲ್ಲಿ ಸಿಗದ ಕೊನೆಯ ಗಳಿಗೆಯ ಪ್ರಕರಣದ ಬಗ್ಗೆ ಮಾತ್ರ ಮತ ಹಾಕಿದ ನಂತರವೂ ವಿಚಾರಿಸುತ್ತಲೇ ಇರಬೇಕು. ಮತ ಎಣಿಕೆಯ ಮರುದಿನ ಎಲ್ಲರೂ ಮರೆತುಬಿಡುವ ಎಫ್‌ಐಆರ್ ನಿರಪರಾಧಿಗೂ ಅನ್ಯಾಯ, ತಪ್ಪಿತಸ್ಥನಿಗೂ ಕ್ಷಮಾದಾನ.